ಮೀನಿನ ಪೆಟ್ಟಿಗೆಯಲ್ಲಿ ಕಳ್ಳ ಕುಬಸ

ಚಾಕೊಲೇಟು ತಳ ಹಿಡಿಯಬಹುದಿತ್ತು. ಅದರೊಳಗೆ ಒಂದು ಹನಿ ನೀರು ಬಿದ್ದು ಒದ್ದೆ ಮಣ್ಣಿನ ಹೆಂಟೆಯಂತಾಗಬಹುದಿತ್ತು. ಆ ಹನಿ ನನ್ನದೇ ಮೂಗಿನ ತುದಿಯ ಬೆವರಾಗಿರಬಹುದಿತ್ತು. ಕರೆಂಟು ಹೋಗಿ ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣು ಕೊಳೆಯಬಹುದಿತ್ತು. ಕರೆಂಟು ಹೋಗದಿದ್ದರೆ ಅದೇ ಹಣ್ಣು ಕಲ್ಲಾಗಿ, ಕಚ್ಚಿದವರ ಹಲ್ಲು ಅಲ್ಲಾಡಬಹುದಿತ್ತು. ಚನ್ನಗಿರಿಯಿಂದ ದಾವಣಗೆರೆಗೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಅದು ನಿಲ್ಲದಿದ್ದರೆ ದಾವಣಗೆರೆಯಿಂದ ಜಗಳೂರಿಗೆ ಹೋಗುವುದಾದರೂ ನಿಲ್ಲಬಹುದಿತ್ತು. ಜಗಳೂರಿನ ಬಿಸಿಲಿಗೆ ಇಡೀ ಬುತ್ತಿ ಪಾಯಸವಾಗಬಹುದಿತ್ತು. ಮೀನಿನ ವಾಸನೆ ಬರಬಹುದಿತ್ತು. ಮೀನು ಎಲ್ಲಿಂದ ಬಂತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಹೆಂಗಸರು ಮಾಡುವ ಶಾಸ್ತ್ರಕ್ಕೆ ಇವನ್ಯಾಕೆ ಬಂದ ಅಂತ ಬೀಗರು ಮುಖ ಸಿಂಡರಿಸಬಹುದಿತ್ತು. ಗುಟ್ಟಾಗಿ ನಡೆಯಬೇಕಾದ್ದು ಓಣಿಗೆಲ್ಲ ಗೊತ್ತಾಗಬಹುದಿತ್ತು. ಇಷ್ಟೆಲ್ಲ ದಾಟಿದ ಮೇಲೂ, ಯಾರಿಗಾಗಿ ಒದ್ದಾಡಿದೆವೋ ಆ ಹುಡುಗಿ ಒಂದು ಚೂರು ಬಾಯಿಗಿಟ್ಟು ಬಚ್ಚಲಿಗೆ ಓಡಬಹುದಿತ್ತು.

ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುವವನು. ದಿನಾ ಚನ್ನಗಿರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಿಮೆಯ ಅಧ್ಯಾಯ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಬೆಂಕಿ, ಕಳ್ಳತನ, ನೆರೆ, ಹಡಗು ಮುಳುಗುವುದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನಂತೆ. ಹೊನ್ನಾಳಿಯಲ್ಲಿ ಹಡಗಿಲ್ಲ. ಆದರೂ ನಾನು ಅದಕ್ಕೂ ಹೆದರಬಲ್ಲೆ. ನನ್ನ ಹೆಂಡತಿ ಊರಲ್ಲೇ ಒಂದು ಶಾಲೆಯಲ್ಲಿ ಮೇಡಂ. ಅವಳು ಪಕ್ಕದ ಮನೆಯವರ ಹತ್ತಿರ ಹೇಳುವುದು ನನಗೆ ಕೇಳಿಸುತ್ತದೆ: "ಇವರಿಗೆ ಸಮಾಧಾನ ಆಗಬೇಕಂದ್ರೆ ಮನೇಲಿ ಏನಾದ್ರೂ ಒಂದು ಕೆಟ್ಟಿರಬೇಕು ರೀ. ಎಲ್ಲ ಸರಿ ಇದ್ರೆ ಏನು ಮರೆತೆ ಏನು ಮರೆತೆ ಅಂತ ಮನೆ ತುಂಬ ತಿರುಗ್ತಾರೆ."

ಹುಡುಗಿ ನನ್ನ ಅಕ್ಕನ ಮಗಳು. ಅಕ್ಕನ ಮನೆ ನ್ಯಾಮತಿ. ಮಗಳನ್ನು ಕೊಟ್ಟಿದ್ದು ಜಗಳೂರಿಗೆ. ಅಲ್ಲೇ ಒಂದು ಕಚೇರಿಯಲ್ಲಿ ಅವಳಿಗೆ ನೌಕರಿ. ಆಗ ಮೂರು ತಿಂಗಳ ಬಸುರಿ. ಅನ್ನ ಕುದಿಯುವ ವಾಸನೆಗೆ ವಾಂತಿ, ಒಗ್ಗರಣೆಗೆ ವಾಂತಿ, ಗಂಡ ಮುಖಕ್ಕೆ ಹಚ್ಚಿಕೊಳ್ಳುವ ಪೌಡರಿಗೂ ವಾಂತಿ. ನೀರು ಮಜ್ಜಿಗೆಯಲ್ಲಿ, ನಾಲ್ಕು ಕಾಳು ಒಣ ಮಂಡಕ್ಕಿಯಲ್ಲಿ ದಿನ ದೂಡುತ್ತಿದ್ದಳು. ಡಾಕ್ಟರಮ್ಮ ಒಮ್ಮೆ ಗ್ಲೂಕೋಸು ಹಾಕಿಸಿ ಕಳಿಸಿದ್ದರು. ಏನಾದರೊಂದು ಹೊಟ್ಟೆಯಲ್ಲಿ ನಿಲ್ಲಲಿ, ನಿಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತೇನೆ ಅಂತಲೂ ಹೇಳಿದ್ದರು.

ನಮ್ಮ ಕಡೆ ಏಳನೇ ತಿಂಗಳಿಗೆ ಬಂಧು ಬಳಗವನ್ನೆಲ್ಲ ಕರೆದು ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಅದಕ್ಕೂ ಮುಂಚೆ, ಮೂರನೇ ತಿಂಗಳಲ್ಲಿ, ಕಳ್ಳ ಕುಬಸ ಅಂತ ಒಂದುಂಟು. ತವರಿನಿಂದ ಯಾರಾದರೂ ಸದ್ದಿಲ್ಲದೆ ಹೋಗಬೇಕು. ಒಂದು ರವಿಕೆ ಕಣ, ಹಸಿರು ಬಳೆ, ಬಸುರಿ ಬಾಯಿಬಿಟ್ಟು ಕೇಳಿದ ತಿಂಡಿ, ಇಷ್ಟನ್ನು ಕೊಟ್ಟು, ಅವಳು ತಿನ್ನುವುದನ್ನು ಕಣ್ಣಾರೆ ನೋಡಿ ಬರಬೇಕು. ಕಣ್ಣು ಬೀಳುತ್ತದೆ ಅಂತ ಊರಿಗೆ ಹೇಳುವುದಿಲ್ಲ. ಹೋಗಬೇಕಾದವಳು ಅಕ್ಕ. ಆದರೆ ಅಕ್ಕ ಹಿತ್ತಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ನಮ್ಮ ಅವ್ವನಿಗೆ ಬಸ್ಸು ಆಗುವುದಿಲ್ಲ. ಹೆಂಡತಿಗೆ ಪರೀಕ್ಷೆಯ ಡ್ಯೂಟಿ. ಉಳಿದವನು ನಾನು.

"ನೀನೇ ಹೋಗಬೇಕು ಕಣೋ," ಅಂದಳು ಅಕ್ಕ ಫೋನಿನಲ್ಲಿ. "ಅದೇನು ತಿಂತಾಳೋ ನೀನೇ ಕೇಳು. ನನ್ನತ್ರ ಬಾಯೇ ಬಿಡಲ್ಲ."

ಕೇಳಿದೆ. ಕಡುಬು? "ಬ್ಯಾಡ ಮಾಮ." ಮಾವಿನಕಾಯಿ ಚಿತ್ರಾನ್ನ? "ಅಯ್ಯೋ, ಒಗ್ಗರಣೆ ಹೆಸರು ಎತ್ತಬ್ಯಾಡ್ರಿ." ಕೊನೆಗೆ ದನಿ ತಗ್ಗಿಸಿ, "ನಗಬಾರದು," ಅಂದಳು.

"ನಗಲ್ಲ ಹೇಳವ್ವ."

"ಫೋನಾಗೆ ನೋಡ್ತಿರ್ತೀನಿ. ಹಣ್ಣನ್ನ ಚಾಕ್ಲೇಟಾಗೆ ಅದ್ದಿ ಇಡ್ತಾರಲ್ಲ, ಅದು. ಕಚ್ಚಿದ್ರೆ ಕಟಕ್ ಅಂತೈತೆ. ಆ ಸದ್ದು ಕೇಳಿದಾಗ ನಂಗೆ ಹೊಟ್ಟೆ ತೊಳಸಲ್ಲ ಮಾಮ."

"ಯಾವತ್ತಾದ್ರೂ ತಿಂದಿದೀಯಾ ಅದನ್ನ?"

"ಇಲ್ಲ."

ನನಗೆ ಚಿಂತೆಯ ಜೊತೆಗೆ ಕುತೂಹಲವೂ ಹತ್ತಿದ್ದು ಆಗಲೇ. ಬಸುರಿಯರ ಬಯಕೆ ಬಗ್ಗೆ ನಾನು ಕೇಳಿದ್ದೆಲ್ಲ ಅವರು ಮೊದಲೇ ತಿಂದಿದ್ದರ ಬಗ್ಗೆ. ಹುಣಸೆಕಾಯಿ, ಬೂದಿ, ಸುಟ್ಟ ಮಣ್ಣು ಕೂಡ ಚಿಕ್ಕಂದಿನಲ್ಲಿ ಎಲ್ಲೋ ನೆಕ್ಕಿದ್ದೇ. ನಾಲಗೆ ಒಮ್ಮೆಯೂ ಕಾಣದ್ದನ್ನು ಕಿವಿ ಕೇಳಿ, ಹೊಟ್ಟೆ ಒಪ್ಪಿಕೊಳ್ಳುತ್ತದೆ ಅಂದರೆ ಹೇಗೆ? ಹೆಂಡತಿಯನ್ನು ಕೇಳಿದೆ. "ನೀವು ಮುಳುಗದ ಹಡಗಿಗೆ ಹೆದರಲ್ವಾ, ಹಂಗೇ," ಅಂದಳು.

ಡಾಕ್ಟರಮ್ಮನನ್ನು ಹುಡುಗಿಯೇ ಕೇಳಿದಳು. ಮಿತವಾಗಿ ತಿಂದರೆ ಏನೂ ಆಗುವುದಿಲ್ಲ ಅಂದರಂತೆ. ಅವ್ವ ಮಾತ್ರ ಪರಂಗಿ, ಅನಾನಸು ಎರಡನ್ನೂ ಮನೆಯೊಳಗೇ ತರಬಾರದು ಅಂತ ಹುಕುಂ ಮಾಡಿದಳು. ಹಾಗಾಗಿ ಬೀಜವಿಲ್ಲದ ಹಸಿರು ದ್ರಾಕ್ಷಿ, ಏಲಕ್ಕಿ ಬಾಳೆ, ಕಿತ್ತಳೆ ತೊಳೆ ಅಂತ ತೀರ್ಮಾನವಾಯಿತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ, ದ್ರಾಕ್ಷಿ ಬೀದಿ ಬೀದಿಯಲ್ಲಿ ಸಿಗುತ್ತಿತ್ತು.

ಹೊನ್ನಾಳಿಯಲ್ಲಿ ಕಾಲೇಜು ಬಿಟ್ಟ ಮೇಲೆ ಪರಿಚಯದ ಬೇಕರಿಗೆ ಹೋಗಿ ವಿಷಯ ಹೇಳಿದೆ. ಯಾರಿಗೆ ಅಂತ ಹೇಳಲಿಲ್ಲ.

"ಅಂಗಡಿ ಚಾಕ್ಲೇಟು ಕರಗಿಸಿ ಮಾಡಿದ್ರೆ ಈ ಬಿಸಿಲಾಗೆ ನಿಲ್ಲಲ್ಲ ಸಾರ್," ಅಂದರು ಬೇಕರಿಯವರು. ಇಟ್ಟಿಗೆಯಂಥ ಒಂದು ಕಪ್ಪು ಗಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಇದು ಕಾಂಪೌಂಡು. ನಾವು ಕೇಕಿನ ಮೇಲೆ ಹಾಕೋದು ಇದನ್ನೇ. ಒಲೆ ಮೇಲೆ ನೇರ ಇಡಬ್ಯಾಡ್ರಿ. ಕುದಿಯೋ ನೀರಿನ ಪಾತ್ರೆ ಮೇಲೆ ಬಟ್ಟಲು ಇಟ್ಟು ಕರಗಿಸ್ರಿ. ಅದ್ರಿ, ಇಡ್ರಿ, ಮುಗೀತು. ಬೇಯಿಸಾಕೇನೂ ಇಲ್ಲ. ಚಿಕ್ಕ ಮಕ್ಳೂ ಮಾಡ್ತಾರೆ."

ಚಿಕ್ಕ ಮಕ್ಕಳೂ ಮಾಡುವ ಕೆಲಸವೆಂದರೆ ನನಗೆ ಜಾಸ್ತಿ ಭಯ. ಕೆಟ್ಟರೆ ಹೇಳಿಕೊಳ್ಳಲು ಒಂದು ನೆಪವೂ ಇರುವುದಿಲ್ಲ.

ಭಾನುವಾರ ತಾಲೀಮು ಇಟ್ಟುಕೊಂಡೆವು. ತಾಲೀಮಿನಲ್ಲಿ ಕೆಟ್ಟಿದ್ದು ಲೆಕ್ಕಕ್ಕಿಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ. ಕಪ್ಪು ಗಟ್ಟಿಯನ್ನು ಚಾಕುವಿನಲ್ಲಿ ಹೆರೆದು ಸ್ಟೀಲ್ ಬಟ್ಟಲಿಗೆ ಹಾಕಿ ಬಿಸಿನೀರಿನ ಮೇಲೆ ಕೂರಿಸಿದೆ. ಕರಗಿತು. ಅದೆಷ್ಟು ಚೆಂದ ಕರಗಿತೆಂದರೆ, ಸೌಟೆತ್ತಿದರೆ ರೇಷ್ಮೆ ಸೀರೆಯ ಸೆರಗಿನ ಹಾಗೆ ಇಳಿಯಿತು. ಆಗಷ್ಟೇ ತೊಳೆದ ದ್ರಾಕ್ಷಿಯನ್ನು ಒರೆಸದೆ ಅದರೊಳಗೆ ಸುರಿದೆ. ನೋಡನೋಡುತ್ತಿದ್ದಂತೆ ಸೆರಗು ಹೋಗಿ ಹೆಂಟೆಯಾಯಿತು. ಕಲಸಿದಷ್ಟೂ ಗಟ್ಟಿ. ಹೆಂಡತಿ ಬಂದು ಬಗ್ಗಿ ನೋಡಿ, "ಇದನ್ನ ಜಗಳೂರಿಗೆ ಒಯ್ದು ಗೋಡೆಗೆ ಮೆತ್ತಿ ಬರ್ರಿ," ಅಂದಳು.

ಹೆಂಟೆಯನ್ನು ಎಸೆಯಲು ಮನಸ್ಸಾಗದೆ ಅದಕ್ಕೆ ಒಂದು ಲೋಟ ಬಿಸಿ ಹಾಲು ಹೊಯ್ದು ಕಲಸಿದೆ. ತಿರುಗಿ ರೇಷ್ಮೆಯಾಯಿತು! ನಾಲ್ಕು ಹನಿ ನೀರು ಕೆಡಿಸಿದ್ದನ್ನು ಒಂದು ಲೋಟ ಹಾಲು ಸರಿಮಾಡಿತು. ಇದ್ಯಾವ ನ್ಯಾಯ ಅಂತ ನಾನು ಒಲೆಯ ಮುಂದೆ ನಿಂತು ಯೋಚಿಸುತ್ತಲೇ ಇದ್ದೆ. ಹೆಂಡತಿ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದುಬಿಟ್ಟಳು.

ಎರಡನೇ ಸಲ ಗಟ್ಟಿ ಕರಗಿಸಿದಾಗ ಅವ್ವ ಅಡುಗೆಮನೆಗೆ ಬಂದಳು. ಅಷ್ಟು ಹೊತ್ತೂ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ನೋಡುತ್ತಿದ್ದವಳು ಎದ್ದು ಬಟ್ಟಲು ಇಣುಕಿ, "ಇದು ಚೊಗರಲ್ಲವೇನೋ!" ಅಂದಳು.

ನಮ್ಮ ಚನ್ನಗಿರಿ ಕಡೆ ಹಸಿ ಅಡಿಕೆ ಸುಲಿದು ಬೇಯಿಸುತ್ತಾರೆ. ಬೇಯಿಸಿದ ನೀರು ಬತ್ತಿ ಬತ್ತಿ ಕಡು ಕೆಂಪಗೆ, ದಪ್ಪಗೆ ಆಗುತ್ತದೆ. ಅದೇ ಚೊಗರು. ಬೆಂದ ಅಡಿಕೆಯನ್ನು ಅದರಲ್ಲಿ ಅದ್ದಿ ತೆಗೆದು ಬಿಸಿಲಿಗೆ ಹರವಿದರೆ ಬಣ್ಣ ಏರುತ್ತದೆ, ಹೊಳಪು ಬರುತ್ತದೆ. ಅವ್ವ ಎಷ್ಟೋ ಸುಗ್ಗಿಗಳಲ್ಲಿ ಅದರ ಮುಂದೆ ನಿಂತವಳು. ನನ್ನ ಕೈಯಿಂದ ಚಮಚ ಕಿತ್ತುಕೊಂಡು, ಬೋಂಡ ಕರಿಯುವ ತೂತಿನ ಸೌಟು ತಂದಳು. ಚೆನ್ನಾಗಿ ಒರೆಸಿದ ದ್ರಾಕ್ಷಿಯನ್ನು ಹಿಡಿಹಿಡಿಯಾಗಿ ಅದರಲ್ಲಿ ಹಾಕಿ, ಮುಳುಗಿಸಿ, ಎತ್ತಿ, ಬಟ್ಟಲ ಅಂಚಿಗೆ ಟಪಟಪ ಬಡಿದು ಹೆಚ್ಚಿನದನ್ನು ಇಳಿಸಿ, ತಟ್ಟೆಗೆ ಬಿಡಿಬಿಡಿಯಾಗಿ ಉದುರಿಸಿದಳು. ಕಪ್ಪಗೆ, ದುಂಡಗೆ, ತೆಳ್ಳಗೆ ಬಳಿದ ಹಾಗೆ. ಇನ್ನು ಕೆಡುವುದು ಏನು ಉಳಿಯಿತು ಅಂತ ಹುಡುಕಬೇಕಾಯಿತು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ಹಜಾರದಲ್ಲಿ ಕೂತು ಅವಳ ಕಾಲಿನ ಸಮಾಚಾರ ಕೇಳಿ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ತಟ್ಟೆಯೂ ಇಲ್ಲ, ಅವ್ವನೂ ಇಲ್ಲ. ಹೆಂಡತಿ ಮೇಲಕ್ಕೆ ಬೆರಳು ತೋರಿಸಿದಳು. ಓಡಿದೆ. ತಾರಸಿಯ ಮೇಲೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಅಡಿಕೆ ಒಣಗಿಸುವ ಬಿದಿರಿನ ತಟ್ಟಿಯ ಮೇಲೆ ದ್ರಾಕ್ಷಿ ಹರವಿ, ತಲೆ ಮೇಲೆ ಸೆರಗು ಹೊದ್ದು, ಕಾಗೆ ಓಡಿಸಲು ಕೋಲು ಹಿಡಿದು ಅವ್ವ ಕಾವಲು ಕೂತಿದ್ದಳು.

"ಅವ್ವಾ! ಬಿಸಿಲಿಗೆ ಹಾಕಿದೀಯಲ್ಲ!"

"ಅದ್ದಿದ ಮೇಲೆ ಬಿಸಿಲು ತೋರಿಸಬ್ಯಾಡವೇನೋ? ಹಸೀದನ್ನ ಹಂಗೇ ಒಯ್ತೀಯಾ ಬೀಗರ ಮನೆಗೆ?"

ಬಗ್ಗಿ ನೋಡಿದೆವು. ಚಾಕೊಲೇಟೆಲ್ಲ ತಟ್ಟಿಯ ಸಂದಿಯಲ್ಲಿ ಇಳಿದು ಹೋಗಿತ್ತು. ದ್ರಾಕ್ಷಿಗಳು ಮಾತ್ರ ಮೊದಲಿನಂತೆ ಹಸಿರಾಗಿ, ಸ್ನಾನ ಮುಗಿಸಿದ ಮಕ್ಕಳಂತೆ ಮಿಂಚುತ್ತ ಕೂತಿದ್ದವು. ಅವ್ವನಿಗೆ ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. ಒಂದು ದ್ರಾಕ್ಷಿ ಎತ್ತಿ ತಿರುಗಿಸಿ ನೋಡಿ, "ಬಿಸಿಲಿಗೆ ಗಟ್ಟಿಯಾಗದ್ದು ಇದ್ಯಾವ ಸೀಮೆ ಚೊಗರೋ!" ಅಂದಳು. ಆಮೇಲೆ ಮೆಟ್ಟಿಲು ಇಳಿಯುತ್ತ, ಅರ್ಧದಲ್ಲಿ ನಿಂತು, "ಇದು ಒಣಗೋ ಪೈಕಿ ಅಲ್ಲ ಬಿಡು. ತುಪ್ಪದ ಜಾತಿ. ತಂಪಿಗೆ ಹೆಪ್ಪುಗಟ್ಟುತ್ತೆ," ಅಂದಳು. ನನಗೆ ಬೇಕರಿಯವರು ಹೇಳಿದ್ದಕ್ಕಿಂತ ಅದು ಚೆನ್ನಾಗಿ ಅರ್ಥವಾಯಿತು. ತಟ್ಟಿಯನ್ನು ತೊಳೆಯುವ ಕೆಲಸ ನನಗೆ ಬಿತ್ತು.

ಆಮೇಲಿನ ದಿನಗಳಲ್ಲಿ ನಮ್ಮ ಅಡುಗೆಮನೆ ಸಣ್ಣ ಪ್ರಯೋಗಶಾಲೆ. ಚಾಕೊಲೇಟು ಅಂಟದ ಕಾಗದ ಮುಗಿದಾಗ ಅವ್ವ ಬಾಳೆ ಎಲೆ ಒರೆಸಿ ಹಾಸಿದಳು. ಗಟ್ಟಿಯಾದ ಮೇಲೆ ಎತ್ತಿದರೆ ತಳದಲ್ಲಿ ಎಲೆಯ ಗೆರೆಗಳು ಅಚ್ಚೊತ್ತಿದ್ದವು. ಮೇಲ್ಭಾಗ ಮಂಕು, ಎಲೆಗೆ ತಾಗಿದ ಭಾಗ ಕನ್ನಡಿಯಂತೆ ಹೊಳಪು. ಯಾಕೆ ಹಾಗೆ? ಸ್ಟೀಲ್ ತಟ್ಟೆ, ಗಾಜು, ಮಣೆ ಎಲ್ಲದರ ಮೇಲೂ ಇಟ್ಟು ನೋಡಿದೆ. ನುಣ್ಣಗಿದ್ದುದಕ್ಕೆ ತಾಗಿದರೆ ನುಣುಪು, ಒರಟಿಗೆ ತಾಗಿದರೆ ಒರಟು. ತನ್ನದು ಅಂತ ಒಂದು ಮೈ ಇಲ್ಲದ ಪದಾರ್ಥ ಅದು. ಬೆಳಗ್ಗೆ ಚಹಾಕ್ಕೆ ಮುಂಚೆ ಫ್ರಿಜ್ಜು ತೆಗೆದು ನೋಡುವ ಅಭ್ಯಾಸ ಬಂತು. ಮಾತು ಕೊಟ್ಟಿದ್ದ ಹೊತ್ತಿಗೆ ಉತ್ತರ ಪತ್ರಿಕೆ ತಿದ್ದಿ ಕೊಡದೆ ಪ್ರಾಂಶುಪಾಲರಿಂದ ಹೇಳಿಸಿಕೊಂಡೆ.

ಇನ್ನು ಸದ್ದಿನ ವಿಷಯ. ಹುಡುಗಿಗೆ ಬೇಕಾಗಿದ್ದು ಕಟಕ್. ಹೆಂಡತಿಯ ಬಾಯಿ ಹತ್ತಿರ ಫೋನು ಹಿಡಿದು, ಅವಳು ಒಂದು ಬಾಳೆ ಬಿಲ್ಲೆ ಕಚ್ಚಿದ ಸದ್ದನ್ನು ಮುದ್ರಿಸಿ ಜಗಳೂರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಮಾಮ, ಇದು ಕಟಕ್ ಅಲ್ಲ, ಪಚಕ್."

ನಿಜವೇ. ಹಣ್ಣು ಮೆತ್ತಗಿತ್ತು. ಮರುದಿನ ಬಿಲ್ಲೆಗಳನ್ನು ಮೇಲಿನ ಐಸ್ ಖಾನೆಯಲ್ಲಿ ಇಟ್ಟು, ಗಟ್ಟಿಯಾದ ಮೇಲೆ ಅದ್ದಿದೆ. ತಣ್ಣಗಿನ ಹಣ್ಣು ಬಿಸಿ ಚಾಕೊಲೇಟಿಗೆ ಮುಟ್ಟಿದ್ದೇ ತಡ, ಕಣ್ಣೆದುರಿಗೇ ಹೊಳಪು ಮಾಯವಾಗಿ ಗಟ್ಟಿಯಾಗಿಬಿಟ್ಟಿತು. ಮತ್ತೆ ಫೋನು ಹಿಡಿದೆ. ಹೆಂಡತಿ ಕಚ್ಚಿದಳು. ಈ ಸಲ ಉತ್ತರ ಬರುವುದು ತಡವಾಯಿತು. ನಾನು ಫೋನನ್ನೇ ನೋಡುತ್ತ ಕೂತೆ.

"ಅತ್ತೆಗೆ ಹೇಳ್ರಿ, ಇನ್ನೊಂದ್ಸಲ ಕಚ್ಚಾಕೆ," ಅಂತ ಬಂತು.

"ನಂಗೆ ಹಲ್ಲು ಜುಂ ಅಂತೈತೆ ರೀ," ಅನ್ನುತ್ತಲೇ ಹೆಂಡತಿ ಇನ್ನೊಂದು ಕಚ್ಚಿದಳು. ಕಟಕ್.

ಸದ್ದು ಸಿಕ್ಕಿತು. ಅದನ್ನು ಜಗಳೂರಿನವರೆಗೆ ಒಯ್ಯುವುದು ಹೇಗೆ? ಐಸು ಬೇಕು, ಐಸು ಕರಗದ ಪೆಟ್ಟಿಗೆ ಬೇಕು. ನಮ್ಮ ಸೀಮೆಯಲ್ಲಿ ಐಸು, ಥರ್ಮಾಕೋಲ್ ಪೆಟ್ಟಿಗೆ ಎರಡೂ ಒಟ್ಟಿಗೆ ಇರುವುದು ಒಂದೇ ಕಡೆ. ಸೂಳೆಕೆರೆಯ ಏರಿಯ ಹತ್ತಿರ, ಮೀನು ಮಾರುವವರ ಬಳಿ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಬೀಗರ ಮನೆಯಲ್ಲೂ ಇಲ್ಲ. ಪೌಡರಿನ ವಾಸನೆಗೇ ವಾಂತಿ ಮಾಡಿಕೊಳ್ಳುವ ಹುಡುಗಿಗೆ ಮೀನಿನ ಪೆಟ್ಟಿಗೆಯಲ್ಲಿ ಬುತ್ತಿ ಒಯ್ಯುವ ಯೋಚನೆ ನನಗೆ ಹೇಗೆ ಬಂತೋ. ಬೈಕ್ ಹತ್ತಿ ಹೋಗಿಯೇ ಬಿಟ್ಟೆ.

"ಹೊಸ ಪೆಟ್ಟಿಗೆ ಬೇಕಾಗಿತ್ತು. ಮೀನು ಇಡದೇ ಇರೋದು," ಅಂದೆ.

ಮೀನು ಮಾರುವ ಹೆಂಗಸು ನನ್ನನ್ನು ಮೇಲೆ ಕೆಳಗೆ ನೋಡಿದಳು. "ಮೀನು ತಗಳ್ಳಲ್ವಾ?"

"ಇಲ್ಲ."

"ಪೆಟ್ಟಿಗೆ ಯಾಕೆ ಮತ್ತೆ?"

"ಹಣ್ಣು ಇಡಾಕೆ."

"ಏ, ಬಾ ಇಲ್ಲಿ, ಹಣ್ಣು ಇಡ್ತಾರಂತೆ ಇವರು," ಅಂತ ಗಂಡನನ್ನು ಕರೆದಳು. ಇಬ್ಬರೂ ನಕ್ಕು ಮುಗಿಸಿದ ಮೇಲೆ ಒಳಗಿಂದ ಒಂದು ಬಿಳಿ ಪೆಟ್ಟಿಗೆ ತಂದಳು. "ತಗೋರಿ, ಇದು ಇನ್ನೂ ಮೀನಿನ ಮುಖ ಕಂಡಿಲ್ಲ. ಬೇಕಾದ್ರೆ ಮೂಸಿ ನೋಡ್ರಿ." ಮೂಸಿದೆ. ಥರ್ಮಾಕೋಲಿನ ವಾಸನೆ. ಮತ್ತೊಮ್ಮೆ ಮೂಸಿದೆ. ಮೀನು ಬಂತಾ? ಕೆರೆಯ ಗಾಳಿಯೇ ಮೀನಿನದು, ಪೆಟ್ಟಿಗೆಯನ್ನು ಏನಂತ ದೂರುವುದು?

ಮನೆಗೆ ತಂದು ನಿಂಬೆಹಣ್ಣಿನ ಸಿಪ್ಪೆಯಲ್ಲಿ ತಿಕ್ಕಿದೆ, ಬಿಸಿಲಿಗೆ ಇಟ್ಟೆ, ಅವ್ವನಿಗೆ ಮೂಸಲು ಕೊಟ್ಟೆ, ಹೆಂಡತಿಗೆ ಕೊಟ್ಟೆ. ಪಕ್ಕದ ಮನೆಯವರಿಗೂ ಕೊಡೋಣ ಅಂತ ಹೊರಟಾಗ, "ಕಳ್ಳ ಕುಬಸ ರೀ," ಅಂತ ಹೆಂಡತಿ ಅಂಗಿ ಹಿಡಿದು ಎಳೆದಳು.

ಹೊರಟ ದಿನ ಬೆಳಗ್ಗೆ ನನಗೆ ಒಂದು ಗುಟುಕು ಚಹಾ ಬಿಟ್ಟು ಏನೂ ಇಳಿಯಲಿಲ್ಲ. ಐಸಿನ ಮೇಲೆ ಸ್ಟೀಲ್ ಡಬ್ಬಿ, ಅದರೊಳಗೆ ಬಾಳೆ ಎಲೆಯ ಪದರ ಪದರದಲ್ಲಿ ದ್ರಾಕ್ಷಿ, ಬಾಳೆ, ಕಿತ್ತಳೆ. ರವಿಕೆ ಕಣ, ಬಳೆ ಬೇರೆ ಚೀಲದಲ್ಲಿ. ದಾವಣಗೆರೆವರೆಗೆ ಏನೂ ಆಗಲಿಲ್ಲ, ಅದೇ ನನಗೆ ಅನುಮಾನ. ಜಗಳೂರಿನ ಬಸ್ಸು ಹತ್ತುವಾಗ ಕಂಡಕ್ಟರು ಕೈ ಅಡ್ಡ ಹಿಡಿದ.

"ಮೀನು ಒಳಗೆ ಬ್ಯಾಡ ಯಜಮಾನ್ರೆ. ಮೇಲೆ ಹಾಕ್ರಿ."

ಮೇಲೆ ಅಂದರೆ ಬಸ್ಸಿನ ನೆತ್ತಿ, ಸುಡುವ ತಗಡು. "ಮೀನಲ್ಲ ರೀ, ಹಣ್ಣು," ಅಂದೆ.

"ಈ ಡಬ್ಬಿನಾಗೆ ಹಣ್ಣು ಯಾರು ತರ್ತಾರೆ? ಎಲ್ಲಾ ಹಂಗೇ ಅಂತಾರೆ. ಆಮೇಲೆ ನೀರು ಸೋರಿ ಬಸ್ಸೆಲ್ಲಾ ನಾರ್ತೈತೆ."

ಬೇರೆ ದಾರಿ ಇರಲಿಲ್ಲ. ಮುಚ್ಚಳ ತೆಗೆದೆ, ಡಬ್ಬಿಯನ್ನೂ ತೆಗೆದೆ, ತಣ್ಣನೆ ಹೊಗೆ ಹೊರಗೆ ಹೋಗುವುದನ್ನು ನೋಡುತ್ತ ನಿಂತೆ. ಕಂಡಕ್ಟರು ಇಣುಕಿದ. ಮುಂದಿನ ಸೀಟಿನವರು ಇಣುಕಿದರು. "ಏ, ಚಾಕ್ಲೇಟು ಕಣ್ರೋ!" ಅಂದ ಕಂಡಕ್ಟರು. "ಏನ್ರೀ, ವ್ಯಾಪಾರವಾ?"

"ಇಲ್ಲ, ಮನೆಯೋರಿಗೆ," ಅಂತ ತೊದಲಿ ಒಳಗೆ ಹೋಗಿ ಕೂತೆ. ಪಕ್ಕದ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ನನ್ನನ್ನು, ಪೆಟ್ಟಿಗೆಯನ್ನು, ಚೀಲದಿಂದ ಇಣುಕುತ್ತಿದ್ದ ಹಸಿರು ಬಳೆಯನ್ನು ಒಂದೊಂದಾಗಿ ನೋಡಿದಳು. ಬಸ್ಸು ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು: "ಎಷ್ಟು ತಿಂಗಳು?"

ಗುಟ್ಟು ಇಷ್ಟು ದಿನ ಬಾಳಿ ದಾವಣಗೆರೆ ದಾಟಿದ ಕೂಡಲೇ ಸತ್ತಿತು. "ಮೂರು," ಅಂದೆ, ಅಷ್ಟೇ ಮೆಲ್ಲಗೆ.

"ಮಗಳಾ?"

"ಅಕ್ಕನ ಮಗಳು. ಏನೂ ಹೊಟ್ಟೇಲಿ ನಿಲ್ತಿಲ್ಲ."

"ನಿಲ್ತೈತೆ ಬಿಡಪ್ಪ. ಸೋದರಮಾವ ಹೊತ್ಕೊಂಡು ಹೊಂಟಿದೀಯ." ಬುಟ್ಟಿಗೆ ಕೈ ಹಾಕಿ ಒಂದು ನಿಂಬೆಹಣ್ಣು ತೆಗೆದು ಕೊಟ್ಟಳು. "ವಾಂತಿ ಬಂದಂಗಾದ್ರೆ ಇದನ್ನ ಮೂಸಾಕೆ ಹೇಳು. ಮರೀಬ್ಯಾಡ ಮತ್ತೆ." ಅಂಗಿ ಜೇಬಿಗೆ ಹಾಕಿಕೊಂಡೆ.

ಬೀಗರ ಮನೆ ಮುಟ್ಟಿದಾಗ ಮೊದಲು ಪೆಟ್ಟಿಗೆ ನೋಡಿದವರು ಹುಡುಗಿಯ ಅತ್ತೆ. "ಅಯ್ಯೋ ಅಣ್ಣಾರೆ, ಇದೇನು ತಂದ್ರಿ?" ಅಂತ ಎದೆ ಮೇಲೆ ಕೈಯಿಟ್ಟುಕೊಂಡರು. ನಾನು ಸೂಳೆಕೆರೆಯಿಂದ ಶುರುಮಾಡಿ ನಿಂಬೆ ಸಿಪ್ಪೆವರೆಗೆ ಹೇಳಿ ಮುಗಿಸುವಷ್ಟರಲ್ಲಿ ಅವರು ನಗುತ್ತ ಗೋಡೆಗೆ ಒರಗಿದ್ದರು. "ಮೂರು ಊರು ತಿರುಗಿ ಬಂದೈತೆ ಬುತ್ತಿ. ನೀವು ಸುಮ್ನೆ ಕೂತ್ಕೊಳ್ರಿ, ಅರಿಶಿನ ಕುಂಕುಮ ನಾನೇ ಹಚ್ತೀನಿ. ಗಂಡಸರ ಕೈಗೆ ಬಳೆ ಕೊಟ್ರೆ ಒಡೀತಾರೆ." ಬಾಗಿಲು ಮುಂದೆ ಮಾಡಿ, ಹುಡುಗಿಗೆ ಕುಂಕುಮ ಹಚ್ಚಿ, ಬಳೆ ತೊಡಿಸಿ, ಕಣ ಉಡಿಗೆ ಹಾಕಿದರು.

ಹುಡುಗಿ ಇಳಿದುಹೋಗಿದ್ದಳು. ಕತ್ತಿನ ಎಲುಬು ಕಾಣುತ್ತಿತ್ತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ಆಮೇಲೆ ಡಬ್ಬಿಯನ್ನು ನೆಲಕ್ಕಿಟ್ಟೆ. ಬಾಳೆ ಎಲೆಯ ಮೇಲೆ ಎಲ್ಲವೂ ಇಟ್ಟಂತೆಯೇ ಇದ್ದವು. ಅವಳು ಮೊದಲು ಬಗ್ಗಿ ಮೂಸಿದಳು. ಒಂದು ಬಾಳೆ ಬಿಲ್ಲೆ ಎತ್ತಿಕೊಂಡಳು, ತಿರುಗಿಸಿ ತಳದ ಗೆರೆಗಳನ್ನು ನೋಡಿ, "ಇದು ಎಲೆ ಅಚ್ಚಾ ಮಾಮ?" ಅಂದಳು. ಹೌದು ಅಂದೆ. ಕಚ್ಚಿದಳು.

ಕಟಕ್.

ಅವಳ ಅತ್ತೆ ನನ್ನ ಮುಖ ನೋಡಿದರು, ನಾನು ಅವರದು. ಹುಡುಗಿ ಕಣ್ಣು ಮುಚ್ಚಿ ಅಗಿದು ನುಂಗಿದಳು. ಇನ್ನೊಂದು ತೆಗೆದುಕೊಂಡಳು. ಆಮೇಲೆ ದ್ರಾಕ್ಷಿ, ಒಂದಾದ ಮೇಲೊಂದು. ಕಿತ್ತಳೆಯನ್ನು ಮುಟ್ಟಿ ಬಿಟ್ಟಳು. ಒಮ್ಮೆಲೇ ಎದ್ದು, ಬಾಯಿಗೆ ಸೆರಗಿಟ್ಟುಕೊಂಡು ಹಿತ್ತಿಲ ಕಡೆ ನಡೆದಳು. ನಾವಿಬ್ಬರೂ ಅಲ್ಲಾಡಲಿಲ್ಲ. ಬಚ್ಚಲ ಬಾಗಿಲಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ನೀರಿನ ತಂಬಿಗೆ ಹಿಡಿದು ವಾಪಸ್ಸು ಬಂದಳು.

"ಇಬ್ರೂ ಯಾಕೆ ಹಿಂಗೆ ಕೂತಿದೀರಿ? ಬಾಯಾರಿತ್ತು," ಅಂದಳು.

ನಾನು ಹುಡುಗಿಯನ್ನು ಕೇಳಿಯೇ ಬಿಟ್ಟೆ, ತಿಂದೇ ಇಲ್ಲದ್ದು ಹೇಗೆ ಬೇಕನ್ನಿಸಿತು ಅಂತ. ಅವಳು ಯೋಚಿಸಿದಳು. "ಎಲ್ಲಾ ಅಡುಗೇಗೂ ಮೊದಲು ವಾಸನೆ ಬರ್ತೈತೆ ಮಾಮ, ಆಮೇಲೆ ತುತ್ತು. ಇದಕ್ಕೆ ಮೊದಲು ಸದ್ದು ಬರ್ತೈತೆ. ವಾಸನೆ ಬರೋ ಹೊತ್ತಿಗೆ ನುಂಗಿ ಆಗಿರ್ತೈತೆ." ಬೇಯಿಸದ ತಿಂಡಿ, ಒಗ್ಗರಣೆ ಇಲ್ಲ, ಹಬೆ ಇಲ್ಲ. ಒಲೆ ಕಾಣದ್ದೇ ಅದರ ಗುಣ ಅಂತ ನನಗೆ ಅಲ್ಲಿ ಕೂತಾಗ ಹೊಳೆಯಿತು. ಒಂದು ವಾರ ಒಲೆ ಮುಂದೆ ನಿಂತವನಿಗೆ ಹೊಳೆದಿರಲಿಲ್ಲ.

ಆಮೇಲೆ ಬೀಗತಿ ನನ್ನನ್ನು ಹಿಡಿದರು. ಬುತ್ತಿ ತಂದವರು ಹಸಿದು ಹೋದರೆ ಹುಡುಗಿಗೆ ಒಳ್ಳೆಯದಲ್ಲವಂತೆ. ಬೆಳಗ್ಗೆಯಿಂದ ಖಾಲಿ ಹೊಟ್ಟೆ, ಸಮಾಧಾನ ಬೇರೆ ಆಗಿತ್ತು, ನಾನೂ ಬೇಡ ಅನ್ನಲಿಲ್ಲ. ಹಿತ್ತಿಲ ಕಡೆಯ ಒಲೆಯಲ್ಲಿ, ಹುಡುಗಿಗೆ ವಾಸನೆ ಬಡಿಯದ ಹಾಗೆ ಮಾಡಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. "ಇನ್ನೊಂದು ಹಾಕಿಸ್ಕೊಳ್ರಿ ಅಣ್ಣಾರೆ, ಇದೇನು ಊಟ, ಗುಬ್ಬಿ ತಿಂದಂಗೆ." ಇನ್ನೊಂದು, ಮತ್ತೊಂದು. ಕೊನೆಗೆ ಹುಡುಗಿ ಡಬ್ಬಿ ಮುಂದೆ ಹಿಡಿದು, "ಮಾಮ, ನೀವು ಒಂದೂ ತಿಂದಿಲ್ವಂತೆ, ಚನ್ನಗಿರಿ ಅತ್ತೆ ಫೋನಾಗೆ ಹೇಳಿದ್ರು," ಅಂದಳು. ಅವಳು ಬಿಟ್ಟ ಕಿತ್ತಳೆ ತೊಳೆಗಳೆಲ್ಲ ನನ್ನ ಪಾಲಾದವು.

ವಾಪಸ್ಸು ಬರುವ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು ಕೊನೆಯ ಸೀಟಿನ ಕಿಟಕಿ ಪಕ್ಕ, ಗಾಲಿಯ ಹಿಂದೆ. ಜಗಳೂರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಹೋಳಿಗೆ, ತುಪ್ಪ, ಕಿತ್ತಳೆ, ಚಾಕೊಲೇಟು ಎಲ್ಲವೂ ಒಟ್ಟಿಗೆ ಮೇಲೇಳತೊಡಗಿದವು. ಇಷ್ಟು ದಿನದ ಚಿಂತೆಯ ಪಟ್ಟಿಯಲ್ಲಿ ಎಲ್ಲರೂ ಇದ್ದರು, ಬಸ್ಸು ಇತ್ತು, ಮೀನಿತ್ತು, ನನ್ನ ಹೊಟ್ಟೆ ಮಾತ್ರ ಇರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ಮುಖ ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದಾಗ ಕರವಸ್ತ್ರದ ಬದಲು ಗುಂಡಗೆ ಏನೋ ಸಿಕ್ಕಿತು. ಅಜ್ಜಿ ಕೊಟ್ಟ ನಿಂಬೆಹಣ್ಣು. ಕೊಡಲು ಮರೆತಿದ್ದೆ. ಅದೇ ಹೊತ್ತಿಗೆ ಫೋನು ಬಂತು.

"ಮಾಮ, ಇಷ್ಟೊತ್ತಾತು, ಏನೂ ಆಗಿಲ್ಲ. ಎಲ್ಲಾ ಹೊಟ್ಟೆನಾಗೇ ಐತೆ. ಅಮ್ಮಂಗೂ ಫೋನ್ ಮಾಡಿ ಹೇಳಿದೆ, ಅಳಾಕೆ ಹತ್ತಿದ್ಲು. ನೀವು ಆರಾಮಾಗಿ ಹೊಂಟಿದೀರಾ?"

"ಆರಾಮಿದೀನಿ ಕಣವ್ವ," ಅನ್ನುವಷ್ಟರಲ್ಲಿ ಕಂಡಕ್ಟರು ಬಾಗಿಲ ಹತ್ತಿರದಿಂದ ಕೂಗಿದ: "ಹಿಂದಿನ ಸೀಟಿನ ಯಜಮಾನ್ರೆ, ವಾಂತಿ ನಿಂತಿತಾ, ಇಲ್ಲ ಗಾಡಿ ನಿಲ್ಲಿಸ್ಲಾ?"

"ಯಾರಿಗೆ ಮಾಮ ವಾಂತಿ?"

"ಯಾರಿಗೋ ಕಣವ್ವ," ಅಂದೆ, ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದುಕೊಂಡು.